ಹೊಸ 27 ಇಂಚಿನ ಮಾನಿಟರ್: ಅಕ್ಷರ ಮಸುಕು, ಕಪ್ಪೆಲ್ಲ ಬೂದಿ. ವಾಪಸ್ ಮಾಡಲಾ?

ಮಸುಕುಗಣ್ಣ:

ಎಲ್ಲರಿಗೂ ನಮಸ್ಕಾರ. ನಾಲ್ಕು ದಿನದ ಹಿಂದೆ ಹೊಸ ಮಾನಿಟರ್ ಬಂತು. 27 ಇಂಚು, ಐಪಿಎಸ್ ಪ್ಯಾನೆಲ್ (ಎಲ್‌ಸಿಡಿ ಪರದೆಯ ಒಂದು ಜಾತಿ), ಅಡ್ಡಕ್ಕೆ 2560, ಉದ್ದಕ್ಕೆ 1440 ಚುಕ್ಕಿ, ಅಂದರೆ 2560×1440. ಇಷ್ಟು ದಿನ 14 ಇಂಚಿನ ಲ್ಯಾಪ್‌ಟಾಪ್ ಪರದೆಗೆ ಮೂಗು ತಾಗಿಸಿಕೊಂಡು ಕೆಲಸ ಮಾಡಿ ಕುತ್ತಿಗೆ ಹಿಡಿದುಹೋಗಿತ್ತು. ದೊಡ್ಡ ಪರದೆ ಬಂದರೆ ಕಣ್ಣಿಗೂ ಕುತ್ತಿಗೆಗೂ ಆರಾಮ ಅಂದುಕೊಂಡಿದ್ದೆ. ಕುತ್ತಿಗೆಯೇನೋ ಸರಿಯಾಯಿತು, ಈಗ ಕಣ್ಣು ಉರಿ ಶುರುವಾಗಿದೆ.

ತೊಂದರೆ ಏನೆಂದರೆ, ಅಕ್ಷರಗಳು ಚೂಪಾಗಿಲ್ಲ. ಪೂರ್ತಿ ಮಂಜು ಅಂತಲ್ಲ, ಕನ್ನಡಕ ಒರೆಸದೆ ಹಾಕಿಕೊಂಡ ಹಾಗೆ. ಇಂಗ್ಲಿಷ್ ಹೇಗೋ ಓದಬಹುದು, ಕನ್ನಡದಲ್ಲಿ ಮಾತ್ರ ಒತ್ತಕ್ಷರಗಳೆಲ್ಲ ಮುದ್ದೆಯಾಗಿ, ‘ಪ’ ಯಾವುದು ‘ಷ’ ಯಾವುದು ಅಂತ ಎರಡು ಸಲ ನೋಡುವ ಹಾಗಾಗಿದೆ. ಇನ್ನೊಂದು, ಸಿನಿಮಾ ಹಾಕಿದರೆ ರಾತ್ರಿಯ ದೃಶ್ಯಗಳಿಗೆಲ್ಲ ಬೂದಿ ಬಳಿದಂತೆ ಕಾಣುತ್ತದೆ. ಅದೇ ಸಿನಿಮಾ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿದೆ. ಸಾಲದ್ದಕ್ಕೆ ಕೆಳಗಿನ ಬಲ ಮೂಲೆಯಲ್ಲಿ ಸ್ವಲ್ಪ ಹಳದಿ ಬೆಳಕು ಸೋರಿದ ಹಾಗಿದೆ, ದೀಪ ಆರಿಸಿದರೆ ಜಾಸ್ತಿ ಗೊತ್ತಾಗುತ್ತದೆ.

ನಾನು ಸುಮ್ನೆ ಕೂತಿಲ್ಲ. ಬ್ರೈಟ್‌ನೆಸ್, ಕಾಂಟ್ರಾಸ್ಟ್ ಎರಡನ್ನೂ ಏರಿಸಿ ಇಳಿಸಿ ನೋಡಿದೆ. ಶಾರ್ಪ್‌ನೆಸ್ 80ಕ್ಕೆ ಇಟ್ಟೆ. ಅಕ್ಷರ ಒಂಚೂರು ಎದ್ದು ಕಂಡವು, ಆದರೆ ಪ್ರತಿ ಅಕ್ಷರದ ಸುತ್ತ ಬಿಳಿ ಅಂಚು ಬಂದುಬಿಟ್ಟಿತು. ಕೇಬಲ್ ಮಾನಿಟರಿನ ಪೆಟ್ಟಿಗೆಯಲ್ಲೇ ಬಂದ ಎಚ್‌ಡಿಎಂಐ. ಗೆಳೆಯನೊಬ್ಬ ‘ಒಳ್ಳೆ ದುಬಾರಿ ಕೇಬಲ್ ತಗೋ, ಎಲ್ಲ ಸರಿಹೋಗುತ್ತದೆ’ ಅಂದ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11, ಇಂಟೆಲ್ ಗ್ರಾಫಿಕ್ಸ್ ಇದೆ.

ವಾಪಸ್ ಮಾಡಲು ಇನ್ನು ಆರು ದಿನ ಉಳಿದಿದೆ. ಮಾಲೇ ಸರಿಯಿಲ್ಲವೋ, ನಾನೇ ಎಲ್ಲೋ ಎಡವಿದ್ದೇನೋ, ಇದನ್ನು ಕಂಡುಹಿಡಿಯುವುದು ಹೇಗೆ?

ತಂತಿಜೋಡಣೆ:

ಕೇಬಲ್ ಸುದ್ದಿ ಮೊದಲು ಮುಗಿಸೋಣ. ಅದಕ್ಕೆ ದುಡ್ಡು ಹಾಕಬೇಡಿ. ಎಚ್‌ಡಿಎಂಐ ಆಗಲಿ ಡಿಸ್‌ಪ್ಲೇಪೋರ್ಟ್ ಆಗಲಿ, ಒಳಗೆ ಓಡುವುದು ಅಂಕಿಗಳು. ಕೇಬಲ್ ಕೆಟ್ಟಿದ್ದರೆ ಪರದೆಯ ಮೇಲೆ ಚುಕ್ಕಿಗಳು ಮಿನುಗುತ್ತವೆ, ಮಧ್ಯೆ ಮಧ್ಯೆ ಒಂದೆರಡು ಸೆಕೆಂಡ್ ಪೂರ್ತಿ ಕಪ್ಪಾಗುತ್ತದೆ, ಇಲ್ಲವೇ ಚಿತ್ರವೇ ಬರುವುದಿಲ್ಲ. ಅಕ್ಷರವನ್ನು ಮೆತ್ತಗೆ ಮಾಡುವಷ್ಟು ನಾಜೂಕಿನ ಕೆಲಸ ಕೆಟ್ಟ ಕೇಬಲ್‌ಗೆ ಬರುವುದಿಲ್ಲ. ಹಳೇ ನೀಲಿ ತುದಿಯ ವಿಜಿಎ ಆಗಿದ್ದರೆ ಮಾತು ಬೇರೆ. ಅದು ಅನಲಾಗ್. ಅಲ್ಲಿ ನಿಜಕ್ಕೂ ಅಕ್ಷರ ಅಲುಗಾಡಿದ ಹಾಗೆ, ನೆರಳು ಬಿದ್ದ ಹಾಗೆ ಕಾಣುತ್ತದೆ, ಮಾನಿಟರಿನ ಆಟೋ ಅಡ್ಜಸ್ಟ್ ಬಟನ್ ಒತ್ತಿದರೆ ಎಷ್ಟೋ ಸಲ ಅಷ್ಟಕ್ಕೇ ವಾಸಿ. ನಿಮ್ಮದು ಅದಲ್ಲ.

ಯಾವ ಸೆಟ್ಟಿಂಗನ್ನೂ ಇನ್ನು ಮುಟ್ಟಬೇಡಿ. ಮೊದಲು ತಪ್ಪು ಎಲ್ಲಿ ಹುಟ್ಟುತ್ತಿದೆ ನೋಡಿ. ಮಾನಿಟರಿನ ಬಟನ್ ಒತ್ತಿ ಅದರದ್ದೇ ಮೆನು ತೆಗೆಯಿರಿ. ಆ ಮೆನುವನ್ನು ಬರೆಯುವುದು ಲ್ಯಾಪ್‌ಟಾಪ್ ಅಲ್ಲ, ಮಾನಿಟರೇ. ಮೆನುವಿನ ಅಕ್ಷರಗಳೂ ಮಸುಕಾಗಿದ್ದರೆ ಪ್ಯಾನೆಲ್ ಮೇಲೆ ಅನುಮಾನ ಪಡಿ, ಅದಕ್ಕೂ ಮುಂಚೆ ಗಾಜಿನ ಮೇಲೆ ಸಾಗಣೆಯ ಪ್ಲಾಸ್ಟಿಕ್ ಹಾಳೆ ಇನ್ನೂ ಅಂಟಿಕೊಂಡಿಲ್ಲ ತಾನೇ ಅಂತ ನೋಡಿ. ನಗಬೇಡಿ, ನಾನು ಒಂದು ವಾರ ಹಾಗೇ ನೋಡಿದ್ದೆ. ಮೆನು ಚೂಪಾಗಿದ್ದರೆ ಪ್ಯಾನೆಲ್ ಪಾಸ್.

ಆಮೇಲೆ ಒಂದು ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳಿಸಿ ನೋಡಿ. ಅಲ್ಲೂ ಮಸುಕಾಗಿದ್ದರೆ ಪ್ರೋಗ್ರಾಮಿನದೇ ತಪ್ಪು. ಅಲ್ಲಿ ಚೆನ್ನಾಗಿದ್ದರೆ ಸ್ಕ್ರೀನ್‌ಶಾಟ್ ತೆಗೆದ ಜಾಗಕ್ಕೂ ನಿಮ್ಮ ಕಣ್ಣಿಗೂ ಮಧ್ಯೆ ಏನೋ ಆಗುತ್ತಿದೆ. ಮೆನುವಿನಲ್ಲಿ ಇನ್ಫರ್ಮೇಷನ್ ಅಂತ ಒಂದು ಪುಟ ಇರುತ್ತದೆ, ಅಲ್ಲಿ ಎಷ್ಟು ರೆಸಲ್ಯೂಷನ್ (ಚುಕ್ಕಿಗಳ ಲೆಕ್ಕ) ಬರುತ್ತಿದೆ ಅಂತಲೂ ಹೇಳಿ.

ರಾತ್ರಿಪಾಳಿ:

ಇಷ್ಟೆಲ್ಲ ತಲೆನೋವು ಯಾಕೆ? ದಿನ ಇರುವಾಗಲೇ ವಾಪಸ್ ಮಾಡಿ ಬೇರೆ ತರಿಸಿಕೊಳ್ಳಿ. ಹೊಸ ವಸ್ತು ಹೊಸದರ ಹಾಗೆ ಇರಬೇಕು. ಮೂಲೆಯಲ್ಲಿ ಬೆಳಕು ಸೋರುವುದನ್ನು ಒಪ್ಪಿಕೊಂಡು ಐದು ವರ್ಷ ನೋಡುತ್ತಾ ಕೂರಬೇಕಾ?

ಮಸುಕುಗಣ್ಣ:

ತಂತಿಜೋಡಣೆ ಅವರೇ, ಹೇಳಿದ ಹಾಗೇ ಮಾಡಿದೆ. ಪ್ಲಾಸ್ಟಿಕ್ ಹಾಳೆ ಇಲ್ಲ, ತೆಗೆದಿದ್ದೆ. ಮೆನುವಿನ ಅಕ್ಷರಗಳು ಬ್ಲೇಡಿನಲ್ಲಿ ಕತ್ತರಿಸಿದ ಹಾಗಿವೆ. ಅಂದರೆ ಪ್ಯಾನೆಲ್ ಪಾಸ್ ಅಲ್ವಾ. ಇನ್ಫರ್ಮೇಷನ್ ಪುಟದಲ್ಲಿ 2560×1440, 60 ಹರ್ಟ್ಸ್ ಅಂತಿದೆ. ಹಾಗಾಗಿ ರೆಸಲ್ಯೂಷನ್ ಕೂಡ ಸರಿ.

ಸ್ಕ್ರೀನ್‌ಶಾಟ್ ಫೋನಿನಲ್ಲಿ ನೋಡಿದರೆ ಅಚ್ಚುಕಟ್ಟಾಗಿದೆ. ಈಗ ನನಗೆ ಇನ್ನೂ ಗೊಂದಲ. ಲ್ಯಾಪ್‌ಟಾಪಿನಲ್ಲಿ ತಯಾರಾಗುವ ಚಿತ್ರ ಚೆನ್ನಾಗಿದೆ, ಮಾನಿಟರ್ ಚೆನ್ನಾಗಿದೆ, ಮಧ್ಯೆ ಇರುವುದು ಕೇಬಲ್ ಒಂದೇ. ಅದಕ್ಕೆ ಈ ಕೆಲಸ ಬರುವುದಿಲ್ಲ ಅಂತ ನೀವೇ ಹೇಳಿದಿರಿ! ಸ್ಕ್ರೀನ್‌ಶಾಟ್ ಇಲ್ಲೇ ಹಾಕಿದ್ದೇನೆ, ನೋಡಿ. 1920×1080 ಪಿಎನ್‌ಜಿ.

ಗೂಬೆಗಣ್ಣು:

ಸ್ವಾಮಿ, ಕಳ್ಳನ ಫೋಟೋ ನೀವೇ ಹಾಕಿದ್ದೀರಿ. ಸ್ಕ್ರೀನ್‌ಶಾಟ್ 1920×1080 ಇದೆ. ನಿಮ್ಮ ಮಾನಿಟರ್ 2560×1440. ಮಾನಿಟರಿನ ಪೂರ್ತಿ ಪರದೆಯ ಚಿತ್ರ ತೆಗೆದರೆ ಅದೂ 2560 ಅಗಲ ಇರಬೇಕಿತ್ತಲ್ಲ?

ಒಂದು ಊಹೆ ಹೇಳುತ್ತೇನೆ. ಲ್ಯಾಪ್‌ಟಾಪಿನಲ್ಲಿ ಏನಿದೆಯೋ ಅದೇ ಮಾನಿಟರಿನಲ್ಲೂ ಕಾಣುತ್ತಿದೆ, ಅಲ್ವಾ? ಅಂದರೆ ಡುಪ್ಲಿಕೇಟ್ ಮೋಡ್. ಆಗ ವಿಂಡೋಸ್ ಎರಡೂ ಪರದೆಗೆ ಒಂದೇ ಚಿತ್ರ ಬರೆಯಬೇಕು, ಹಾಗಾಗಿ ಲ್ಯಾಪ್‌ಟಾಪಿಗೆ ಹೊಂದುವ 1920×1080ನ್ನು ಹಿಡಿದುಕೊಳ್ಳುತ್ತದೆ. ಆ ಚಿತ್ರವನ್ನು ಗ್ರಾಫಿಕ್ಸ್ ಚಿಪ್ 2560×1440ಕ್ಕೆ ಎಳೆದು ಕೇಬಲ್ಲಿಗೆ ಹಾಕುತ್ತದೆ. ಮಾನಿಟರಿಗೆ ಬಂದು ತಲುಪುವುದು 2560×1440 ಆದ್ದರಿಂದ ಅದು ತನ್ನ ಪುಟದಲ್ಲಿ ಅದನ್ನೇ ತೋರಿಸುತ್ತದೆ. ಪಾಪ, ಅದು ಸುಳ್ಳು ಹೇಳುತ್ತಿಲ್ಲ. ದಾರಿಯಲ್ಲಿ ಹಿಟ್ಟು ಎಳೆದು ದೊಡ್ಡದು ಮಾಡಿದ್ದಾರೆ ಅಂತ ಅದಕ್ಕೆ ಗೊತ್ತಿಲ್ಲ. ಸ್ಕ್ರೀನ್‌ಶಾಟ್ ಎಳೆಯುವುದಕ್ಕೂ ಮುಂಚಿನದು, ಅದಕ್ಕೇ ಅದು ಚೂಪಾಗಿದೆ.

ಎಳೆದರೆ ಮಸುಕು ಯಾಕೆ ಅಂದರೆ ಲೆಕ್ಕ ಸುಲಭ. 1920 ಚುಕ್ಕಿಗಳನ್ನು 2560ರ ಜಾಗಕ್ಕೆ ಹರಡಬೇಕು. ಅಂದರೆ ಪ್ರತಿ ಮೂರು ಚುಕ್ಕಿ ನಾಲ್ಕು ಚುಕ್ಕಿಯ ಜಾಗದಲ್ಲಿ ಕೂರಬೇಕು. ಎಲ್‌ಸಿಡಿಯ ಚುಕ್ಕಿಗಳು ಗಾಜಿನ ಮೇಲೆ ಕೊರೆದಿಟ್ಟ ಹಾಗೆ, ಹಿಗ್ಗುವುದೂ ಇಲ್ಲ ಕುಗ್ಗುವುದೂ ಇಲ್ಲ. ಒಂದು ಚುಕ್ಕಿ ದಪ್ಪದ ಕಪ್ಪು ಗೆರೆ ಈಗ ಒಂದೂ ಕಾಲು... ಸರಿಯಾಗಿ ಹೇಳಬೇಕೆಂದರೆ 1.33 ಚುಕ್ಕಿ ದಪ್ಪ ಆಗಬೇಕು. ಮೂರನೇ ಒಂದು ಭಾಗ ಚುಕ್ಕಿ ಅಂತ ಇಲ್ಲವಲ್ಲ, ಅದಕ್ಕೆ ಪಕ್ಕದ ಚುಕ್ಕಿಗೆ ಬೂದು ಬಳಿದು ಹೊಂದಿಸುತ್ತಾರೆ. ನಿಮಗೆ ಕಾಣುತ್ತಿರುವ ಒರೆಸದ ಕನ್ನಡಕ ಇದೇ. ಒತ್ತಕ್ಷರದ ಸಣ್ಣ ಸುರುಳಿಗಳಲ್ಲಿ ಇರುವುದೇ ಒಂದೆರಡು ಚುಕ್ಕಿ ಜಾಗ, ಅಲ್ಲೂ ಬೂದು ತುಂಬಿದರೆ ಮುದ್ದೆ ಆಗದೆ ಇನ್ನೇನು. ಹಳೇ ಡಬ್ಬಾ ಸಿಆರ್‌ಟಿಗಳಲ್ಲಿ ಈ ತಾಪತ್ರಯ ಇಷ್ಟಿರಲಿಲ್ಲ, ಅಲ್ಲಿ ಕಿರಣ ಯಾವ ಅಳತೆಗೆ ಬೇಕಾದರೂ ಗೆರೆ ಎಳೆಯುತ್ತಿತ್ತು. ಚಪ್ಪಟೆ ಪರದೆಗೆ ಹುಟ್ಟಿನಿಂದ ಬಂದ ಅಳತೆ ಒಂದೇ.

ವಿಂಡೋಸ್ ಕೀ ಹಿಡಿದು ಪಿ ಒತ್ತಿ, ಎಕ್ಸ್‌ಟೆಂಡ್ ಆರಿಸಿ. ಲ್ಯಾಪ್‌ಟಾಪ್ ಪರದೆ ಬೇಡವೇ ಬೇಡ ಅಂದರೆ ಸೆಕೆಂಡ್ ಸ್ಕ್ರೀನ್ ಓನ್ಲಿ. ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ. ಅಲ್ಲಿ ಡೆಸ್ಕ್‌ಟಾಪ್ ಮೋಡ್, ಆಕ್ಟಿವ್ ಸಿಗ್ನಲ್ ಮೋಡ್ ಅಂತ ಎರಡು ಸಾಲು ಇವೆ. ಮೊದಲನೆಯದು ವಿಂಡೋಸ್ ಬರೆಯುವ ಅಳತೆ, ಎರಡನೆಯದು ಕೇಬಲ್ಲಿಗೆ ಹೋಗುವ ಅಳತೆ. ಎರಡೂ ಒಂದೇ ಇರಬೇಕು. ನಿಮ್ಮಲ್ಲಿ ಈಗ ಬೇರೆ ಬೇರೆ ಇರುತ್ತದೆ ಅಂತ ಪಂದ್ಯ ಕಟ್ಟಲು ತಯಾರಿದ್ದೇನೆ.

ಹಾಂ, ಶಾರ್ಪ್‌ನೆಸ್ 80ರಿಂದ ಇಳಿಸಿ.

ಮಸುಕುಗಣ್ಣ:

ಪಂದ್ಯ ನೀವು ಗೆದ್ದಿರಿ. ಡೆಸ್ಕ್‌ಟಾಪ್ ಮೋಡ್ 1920×1080, ಆಕ್ಟಿವ್ ಸಿಗ್ನಲ್ 2560×1440 ಅಂತ ಇತ್ತು. ಎಕ್ಸ್‌ಟೆಂಡ್ ಮಾಡಿದ ತಕ್ಷಣ ಪರದೆ ಒಂದು ಸಲ ಮಿಟುಕಿತು, ಆಮೇಲೆ ಕಂಡದ್ದು ಬೇರೆಯೇ ಮಾನಿಟರ್! ನಾಲ್ಕು ದಿನ ಇದನ್ನು ಬಿಟ್ಟು ಉಳಿದೆಲ್ಲ ತಿರುಗಿಸಿದ್ದೆ.

ಆದರೆ ಎಲ್ಲವೂ ಸಣ್ಣದಾಗಿದೆ. ಲ್ಯಾಪ್‌ಟಾಪಿನಲ್ಲಿ ಸ್ಕೇಲ್ 150% ಇತ್ತು, ಮಾನಿಟರಿಗೆ ವಿಂಡೋಸ್ 100% ಇಟ್ಟಿದೆ. 125% ಮಾಡಬಹುದಾ, ಅಥವಾ ಅದರಿಂದಲೂ ಮಸುಕು ಬರುತ್ತದಾ? ಜೊತೆಗೆ ನಾನು ದಿನವಿಡೀ ಬಳಸುವ ಒಂದು ಹಳೇ ಲೆಕ್ಕಪತ್ರದ ಪ್ರೋಗ್ರಾಮ್ ಇದೆ, ಅದೊಂದು ಮಾತ್ರ ಇನ್ನೂ ಮಸುಕಾಗಿಯೇ ಇದೆ. ಬ್ರೌಸರ್, ಕಡತ ಎಲ್ಲ ಚೆನ್ನಾಗಿವೆ.

ಸಿನಿಮಾದ ಬೂದಿ, ಮೂಲೆಯ ಬೆಳಕು ಹಾಗೇ ಇವೆ.

ಗೂಬೆಗಣ್ಣು:

ಸ್ಕೇಲ್ ಬೇರೆ, ರೆಸಲ್ಯೂಷನ್ ಬೇರೆ. ರೆಸಲ್ಯೂಷನ್ ಇಳಿಸಿದರೆ ಚಿತ್ರವನ್ನು ಎಳೆದ ಹಾಗೆ. ಸ್ಕೇಲ್ ಏರಿಸಿದರೆ ವಿಂಡೋಸ್ ಅಕ್ಷರವನ್ನೇ ದೊಡ್ಡದಾಗಿ ಬರೆಯುತ್ತದೆ, ಚುಕ್ಕಿ ಚುಕ್ಕಿಗೂ ಸರಿಯಾಗಿ. ಧೈರ್ಯವಾಗಿ 125% ಮಾಡಿ. ನಿಮ್ಮ 14 ಇಂಚಿನ ಪರದೆಯಲ್ಲಿ ಇಂಚಿಗೆ ಸುಮಾರು 157 ಚುಕ್ಕಿ, ಹೊಸದರಲ್ಲಿ ಸುಮಾರು 109. ಆದ್ದರಿಂದ ಹತ್ತಿರದಿಂದ ನೋಡಿದರೆ ಲ್ಯಾಪ್‌ಟಾಪಿನಷ್ಟು ನುಣುಪು ಬರುವುದಿಲ್ಲ, ಆದರೆ ನೀವು ಈಗ ದೂರ ಕೂರುತ್ತೀರಲ್ಲ, ಅಲ್ಲಿಗೆ ಸರಿಹೋಗುತ್ತದೆ. 27 ಇಂಚಿನಲ್ಲೇ 1920×1080 ತಗೊಂಡಿದ್ದರೆ ಇಂಚಿಗೆ ಬರೀ 82. ಆಗ ಯಾವ ಸೆಟ್ಟಿಂಗೂ ನಿಮ್ಮನ್ನು ಕಾಪಾಡುತ್ತಿರಲಿಲ್ಲ.

ಹಳೇ ಪ್ರೋಗ್ರಾಮುಗಳಿಗೆ ಈ ಸ್ಕೇಲ್ ವಿಷಯ ಗೊತ್ತಿಲ್ಲ. ಅವು ಚಿಕ್ಕದಾಗಿ ಬರೆಯುತ್ತವೆ, ವಿಂಡೋಸ್ ಅದನ್ನು ಫೋಟೋ ಹಿಗ್ಗಿಸಿದ ಹಾಗೆ ಹಿಗ್ಗಿಸುತ್ತದೆ. ಪ್ರೋಗ್ರಾಮಿನ ಐಕಾನ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಲ್ಲಿ ಹೈ ಡಿಪಿಐ ಸೆಟ್ಟಿಂಗ್ ಬದಲಿಸುವ ಬಟನ್ ಇದೆ. ಕೆಳಗಿನ ಓವರ್‌ರೈಡ್ ಗುರುತು ಹಾಕಿ ಅಪ್ಲಿಕೇಷನ್ ಅಂತ ಆರಿಸಿ. ಮಸುಕು ಹೋಗುತ್ತದೆ, ಆದರೆ ಅಕ್ಷರ ಚಿಕ್ಕದಾಗುತ್ತದೆ, ಎರಡರಲ್ಲಿ ಒಂದನ್ನು ಒಪ್ಪಿಕೊಳ್ಳಬೇಕು. ಅದಕ್ಕೂ ಮುಂಚೆ ಒಮ್ಮೆ ಸೈನ್ ಔಟ್ ಆಗಿ ಬನ್ನಿ, ಪರದೆ ಬದಲಾದಾಗ ಕೆಲವು ಪ್ರೋಗ್ರಾಮುಗಳು ಹಳೇ ಅಳತೆಯಲ್ಲೇ ಸಿಕ್ಕಿಕೊಂಡಿರುತ್ತವೆ.

ಸ್ಟಾರ್ಟ್ ಮೆನುವಿನಲ್ಲಿ ಕ್ಲಿಯರ್‌ಟೈಪ್ (ಅಕ್ಷರದ ಅಂಚು ನಯ ಮಾಡುವ ವಿಂಡೋಸ್ ಸೌಲಭ್ಯ) ಅಂತ ಹುಡುಕಿ, ಅದರ ನಾಲ್ಕೈದು ಪುಟದಲ್ಲಿ ನಿಮ್ಮ ಕಣ್ಣಿಗೆ ಚೆನ್ನಾಗಿ ಕಂಡದ್ದನ್ನು ಆರಿಸುತ್ತಾ ಹೋಗಿ. ಇದನ್ನು ಸರಿಯಾದ ರೆಸಲ್ಯೂಷನ್ನಿಗೆ ಬಂದ ಮೇಲೆಯೇ ಮಾಡಬೇಕು, ಮುಂಚೆ ಮಾಡಿದ್ದರೆ ವ್ಯರ್ಥ.

ಕಪ್ಪುಬಿಳುಪು:

ಬೂದಿ ವಿಷಯಕ್ಕೆ ನಾನು ಬರುತ್ತೇನೆ, ಫೋಟೋ ಹುಚ್ಚಿನಿಂದಾಗಿ ಇದರಲ್ಲಿ ಸಾಕಷ್ಟು ಕಣ್ಣು ಹಾಳುಮಾಡಿಕೊಂಡಿದ್ದೇನೆ.

ಇದಕ್ಕೆ ಎರಡು ಕಾರಣ ಇರಬಹುದು, ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಒಂದು, ರೇಂಜ್ ಗೊಂದಲ. ಕಂಪ್ಯೂಟರಿನ ಲೆಕ್ಕದಲ್ಲಿ ಕಪ್ಪು ಅಂದರೆ 0, ಬಿಳಿ ಅಂದರೆ 255. ಟಿವಿ ಲೋಕದ ಲೆಕ್ಕ ಬೇರೆ, ಅಲ್ಲಿ ಕಪ್ಪು 16ರಲ್ಲಿ ಶುರುವಾಗಿ ಬಿಳಿ 235ಕ್ಕೆ ಮುಗಿಯುತ್ತದೆ. ಎಚ್‌ಡಿಎಂಐ ಟಿವಿ ಮನೆತನದ್ದು, ಹಾಗಾಗಿ ಕೆಲವು ಸಲ ಗ್ರಾಫಿಕ್ಸ್ ಚಿಪ್ ನಿಮ್ಮ ಮಾನಿಟರನ್ನು ಟಿವಿ ಅಂದುಕೊಂಡು ಕಪ್ಪಿಗೆ 16 ಕಳಿಸುತ್ತದೆ. ಮಾನಿಟರಿಗೆ 16 ಅಂದರೆ ಕಡು ಬೂದು, ಅದನ್ನೇ ತೋರಿಸುತ್ತದೆ. ಇದು ಹೆಚ್ಚಾಗಿ 1920×1080, 3840×2160ರಂಥ ಟಿವಿಗೂ ಇರುವ ಅಳತೆಗಳಲ್ಲಿ ಆಗುತ್ತದೆ. ನಿಮ್ಮ 2560×1440 ಟಿವಿ ಅಳತೆ ಅಲ್ಲ, ಆದ್ದರಿಂದ ನನಗೆ ಇದರ ಮೇಲೆ ಅನುಮಾನ ಸ್ವಲ್ಪ ಕಡಿಮೆ. ಆದರೂ ನೋಡಿ. ಇಂಟೆಲ್ ಗ್ರಾಫಿಕ್ಸ್ ಕಮಾಂಡ್ ಸೆಂಟರಿನಲ್ಲಿ ಡಿಸ್‌ಪ್ಲೇ ಭಾಗಕ್ಕೆ ಹೋದರೆ ಕ್ವಾಂಟೈಸೇಷನ್ ರೇಂಜ್ ಅಂತ ಬಾಯಿಗೆ ಬರದ ಹೆಸರಿನಲ್ಲಿ ಇದೆ, ಫುಲ್ ಇರಬೇಕು. ಎನ್‌ವಿಡಿಯಾದವರಿಗೆ ಔಟ್‌ಪುಟ್ ಡೈನಾಮಿಕ್ ರೇಂಜ್, ಎಎಮ್‌ಡಿಯವರಿಗೆ ಪಿಕ್ಸೆಲ್ ಫಾರ್ಮ್ಯಾಟ್.

ಎರಡನೇ ಕಾರಣ ಮಾನಿಟರಿನ ಪಿಕ್ಚರ್ ಮೋಡ್. ಗೇಮ್ ಆಡುವವರಿಗೆ ಕತ್ತಲಲ್ಲಿ ಅಡಗಿದ ಶತ್ರು ಕಾಣಲಿ ಅಂತ ನೆರಳಿನ ಭಾಗವನ್ನು ಎತ್ತಿ ತೋರಿಸುವ ಒಂದು ಚಾಳಿ ಈಗಿನ ಮಾನಿಟರ್‌ಗಳಿಗೆ ಇದೆ. ಬ್ಲ್ಯಾಕ್ ಈಕ್ವಲೈಜರ್, ಶ್ಯಾಡೋ ಬೂಸ್ಟ್, ಡಾರ್ಕ್ ಸ್ಟೆಬಿಲೈಜರ್, ಒಂದೊಂದರಲ್ಲಿ ಒಂದೊಂದು ಹೆಸರು.

ಎರಡರಲ್ಲಿ ಯಾವುದು ಅಂತ ಹೇಳಲು ಸಿನಿಮಾನೇ ಸಾಕು. ಅಗಲ ಸಿನಿಮಾ ಹಾಕಿದಾಗ ಮೇಲೂ ಕೆಳಗೂ ಕಪ್ಪು ಪಟ್ಟಿ ಬರುತ್ತದಲ್ಲ, ಅದು ಅಪ್ಪಟ ಕಪ್ಪು. ಪಟ್ಟಿಯೂ ಬೂದಿಯಾಗಿದ್ದರೆ ರೇಂಜ್. ಪಟ್ಟಿ ಕಪ್ಪಗಿದ್ದು ಒಳಗಿನ ರಾತ್ರಿ ಮಾತ್ರ ಬೂದಿಯಾಗಿದ್ದರೆ ಮೋಡ್.

ಒಂದು ಮಾತು: ಬೂದಿ ಹೋಗಲಿ ಅಂತ ಕಾಂಟ್ರಾಸ್ಟ್ ಏರಿಸಬೇಡಿ. ಕಪ್ಪು ಕೆಳಗಿಳಿಯುವುದಿಲ್ಲ, ಬಿಳಿಯ ತುದಿ ಕತ್ತರಿಸಿ ಹೋಗುತ್ತದೆ, ಮೋಡವೆಲ್ಲ ಸುಣ್ಣದ ಗೋಡೆ ಆಗುತ್ತದೆ.

ಇಲಿಬಾಲ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು 4ಕೆ ಮಾನಿಟರ್, ಟೈಪ್ ಸಿ ಹಬ್ ಮೂಲಕ ಎಚ್‌ಡಿಎಂಐ. ರೆಸಲ್ಯೂಷನ್ ಸರಿಯಾಗಿದೆ, ಅಕ್ಷರವೂ ಚೂಪು, ಆದರೆ ಇಲಿ (ಮೌಸ್) ಎಳೆದರೆ ಜೇನುತುಪ್ಪದಲ್ಲಿ ಈಜಿದ ಹಾಗೆ ಬರುತ್ತದೆ. ಇದಕ್ಕೂ ಏನಾದರೂ ಮೋಡ್ ಇದೆಯಾ?

ತಂತಿಜೋಡಣೆ:

ಅಡ್ವಾನ್ಸ್ಡ್ ಡಿಸ್‌ಪ್ಲೇ ಪುಟದಲ್ಲೇ ರಿಫ್ರೆಶ್ ರೇಟ್ ನೋಡಿ, 30 ಹರ್ಟ್ಸ್ ಇರುತ್ತದೆ. ಎಚ್‌ಡಿಎಂಐಯ ಹಳೇ ಆವೃತ್ತಿ 1.4ರ ಗರಿಷ್ಠ ಸೆಕೆಂಡಿಗೆ 10.2 ಗಿಗಾಬಿಟ್, ಅದರಲ್ಲಿ 4ಕೆ ಸೆಕೆಂಡಿಗೆ 30 ಚಿತ್ರಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. 60 ಬೇಕಾದರೆ 2.0, ಅಂದರೆ 18 ಗಿಗಾಬಿಟ್. ಟೈಪ್ ಸಿ ಒಳಗೆ ವೇಗದ ದಾರಿಗಳು ನಾಲ್ಕು, ಎಷ್ಟೋ ಹಬ್‌ಗಳು ಅದರಲ್ಲಿ ಎರಡನ್ನು ಯುಎಸ್‌ಬಿಗೆ ಕೊಟ್ಟು ಉಳಿದೆರಡರಲ್ಲಿ ಚಿತ್ರ ತಳ್ಳುತ್ತವೆ, ಅದಕ್ಕೆ 30ಕ್ಕೆ ನಿಂತುಬಿಡುತ್ತದೆ. ಲ್ಯಾಪ್‌ಟಾಪಿನಿಂದ ನೇರವಾಗಿ ಟೈಪ್ ಸಿ ಇಂದ ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ ನೋಡಿ.

ಅದೇ ಪುಟದಲ್ಲಿ ಕಲರ್ ಫಾರ್ಮ್ಯಾಟ್ ಅಂತಲೂ ಇದೆ. ಅಲ್ಲಿ ಆರ್‌ಜಿಬಿ ಇರಬೇಕು. ಕೊನೆಯಲ್ಲಿ 420 ಇರುವ ಹೆಸರು ಕಂಡರೆ ಜಾಗ ಉಳಿಸಲು ನಾಲ್ಕು ಚುಕ್ಕಿಗೆ ಒಂದೇ ಬಣ್ಣ ಹಂಚುತ್ತಿದ್ದಾರೆ ಅಂತ ಅರ್ಥ. ಸಿನಿಮಾದಲ್ಲಿ ಗೊತ್ತಾಗುವುದಿಲ್ಲ. ಕಪ್ಪಿನ ಮೇಲೆ ಕೆಂಪು ಅಕ್ಷರ ಬರೆದು ನೋಡಿ, ಕುಂಕುಮ ಕದಡಿದ ಹಾಗಿರುತ್ತದೆ. ಮೊದಲು ಕೇಬಲ್ ತಪ್ಪು ಮಾಡುವುದಿಲ್ಲ ಅಂದೆ, ಅದಕ್ಕೆ ಸಣ್ಣ ತಿದ್ದುಪಡಿ: ಕೇಬಲ್ಲೋ ಹಬ್ಬೋ ಸಾಲದೆ ಹೋದಾಗ ಗ್ರಾಫಿಕ್ಸ್ ಚಿಪ್ ಹೀಗೆ ಬೇಕೆಂದೇ ಕಡಿಮೆ ಕಳಿಸುವುದುಂಟು.

ಮಸುಕುಗಣ್ಣ:

ಕಪ್ಪುಬಿಳುಪು ಅವರೇ, ಪಟ್ಟಿ ಕಪ್ಪಗೇ ಇದೆ! ಇಂಟೆಲ್‌ನಲ್ಲಿ ರೇಂಜ್ ಕೂಡ ಫುಲ್. ಮಾನಿಟರ್ ಮೆನುವಿಗೆ ಹೋಗಿ ನೋಡಿದರೆ ಪಿಕ್ಚರ್ ಮೋಡ್ ಎಫ್‌ಪಿಎಸ್ ಗೇಮ್, ಅಂದರೆ ಗುಂಡು ಹಾರಿಸುವ ಆಟದ್ದು. ಇಟ್ಟವನು ನಾನೇ. ಮೊದಲ ದಿನ ಒಂದೊಂದೇ ಮೋಡ್ ತಿರುಗಿಸುವಾಗ ಇದು ಬೆಳ್ಳಗೆ ಚೆನ್ನಾಗಿ ಕಂಡಿತ್ತು. ಗೇಮ್ ಆಡಿದ್ದು ಕಾಲೇಜು ಬಿಟ್ಟ ಮೇಲೆ ನೆನಪೇ ಇಲ್ಲ. ಸ್ಟ್ಯಾಂಡರ್ಡ್ ಮಾಡಿದೆ, ಶ್ಯಾಡೋ ಅಂತ ಇದ್ದದ್ದನ್ನು ಸೊನ್ನೆ ಮಾಡಿದೆ, ರಾತ್ರಿ ಈಗ ರಾತ್ರಿಯಾಗಿದೆ.

ಶಾರ್ಪ್‌ನೆಸ್ ಎಷ್ಟಕ್ಕೆ ಇಳಿಸಲಿ? ಸೊನ್ನೆಗೆ ತಂದರೆ ಮತ್ತೆ ಮೆತ್ತಗಾಗುತ್ತದೆ. ಮತ್ತೆ, ಕಣ್ಣುರಿ ಕಡಿಮೆಯಾಗಿದೆ ಆದರೆ ಪೂರ್ತಿ ಹೋಗಿಲ್ಲ.

ಕಪ್ಪುಬಿಳುಪು:

ಶಾರ್ಪ್‌ನೆಸ್ ಅನ್ನುವುದು ಅಕ್ಷರದ ಅಂಚಿಗೆ ಬಿಳಿ ಬಳಿದು ಚೂಪು ಅನ್ನಿಸುವ ಹಾಗೆ ಮಾಡುವ ಆಟ. ಏನೂ ಬಳಿಯದ, ಏನೂ ಒರೆಸದ ಒಂದು ಬಿಂದು ಇರುತ್ತದೆ, ಅದು ಕೆಲವು ಮಾನಿಟರಿನಲ್ಲಿ 0, ಕೆಲವದರಲ್ಲಿ 50, ಕೆಲವದರಲ್ಲಿ 60. ನಿಮ್ಮದರಲ್ಲಿ ಸೊನ್ನೆಗೆ ಮೆತ್ತಗಾಗುತ್ತದೆ ಅಂದಮೇಲೆ ಮಧ್ಯದಲ್ಲೆಲ್ಲೋ ಇದೆ. ಬೂದು ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ ಬರೆದು ಪೂರ್ತಿ ಹತ್ತಿರ ಹೋಗಿ, ಬಿಳಿ ಅಂಚು ಮಾಯವಾಗುವವರೆಗೆ ಇಳಿಸುತ್ತಾ ಬನ್ನಿ, ಅಲ್ಲಿ ನಿಲ್ಲಿಸಿ. ಮೆನುವಿನಲ್ಲಿ ರೀಸೆಟ್ ಒತ್ತಿದಾಗ ಬರುವ ಅಂಕಿಯೂ ಬಹಳ ಸಲ ಅದೇ ಆಗಿರುತ್ತದೆ.

ಕಣ್ಣುರಿ ಬಹುಶಃ ಬ್ರೈಟ್‌ನೆಸ್. ಎಷ್ಟಿಟ್ಟಿದ್ದೀರಿ? ತುಂಬಾ ಮಾನಿಟರ್‌ಗಳು ಪೆಟ್ಟಿಗೆಯಿಂದ ಬರುವಾಗಲೇ ಹೊಳೆಯುವ ದೀಪದ ಥರ ಬರುತ್ತವೆ. ಒಂದು ಬಿಳಿ ಹಾಳೆಯನ್ನು ಪರದೆಯ ಪಕ್ಕ ಹಿಡಿಯಿರಿ, ಪರದೆಯಲ್ಲಿ ಖಾಲಿ ಬಿಳಿ ಪುಟ ತೆಗೆಯಿರಿ. ಪರದೆ ದೀಪದ ಹಾಗೆ ಕಂಡರೆ ಇಳಿಸಿ. ಎರಡೂ ಹಾಳೆಯ ಹಾಗೆ ಕಾಣುವಷ್ಟಕ್ಕೆ ಬಂದರೆ ಸಾಕು. ಹಗಲು ಒಂದು ಅಂಕಿ, ರಾತ್ರಿ ಇನ್ನೊಂದು. ನನ್ನದು ರಾತ್ರಿ 20ರ ಹತ್ತಿರ ಇರುತ್ತದೆ, ಮನೆಯವರು ‘ಇದು ಆನ್ ಆಗಿದೆಯಾ’ ಅಂತ ಕೇಳುತ್ತಾರೆ. ಡೈನಾಮಿಕ್ ಕಾಂಟ್ರಾಸ್ಟ್ ಇದ್ದರೆ ಆಫ್ ಮಾಡಿ, ಬಿಳಿ ಪುಟಕ್ಕೂ ಕಪ್ಪು ಪುಟಕ್ಕೂ ಹೋಗಿ ಬಂದಾಗಲೆಲ್ಲ ಬೆಳಕು ಏರಿಳಿದು ಕಣ್ಣಿಗೆ ಅದೇ ದೊಡ್ಡ ಕಾಟ. ಬಣ್ಣದ ಉಷ್ಣತೆ 6500 ಅಥವಾ ವಾರ್ಮ್. ಮೊದಲ ದಿನ ಹಳದಿ ಅನ್ನಿಸುತ್ತದೆ, ಮೂರನೇ ದಿನ ಹಳೇದು ನೀಲಿ ಅನ್ನಿಸುತ್ತದೆ. ಎಚ್‌ಡಿಆರ್ (ಕತ್ತಲು ಬೆಳಕಿನ ಅಂತರ ಹೆಚ್ಚಿಸಿ ತೋರಿಸುವ ಮೋಡ್) ಅನ್ನು ಸುಮ್ನೆ ಆನ್ ಮಾಡಲು ಹೋಗಬೇಡಿ, ಸಾಧಾರಣ ಮಾನಿಟರಿನಲ್ಲಿ ಡೆಸ್ಕ್‌ಟಾಪ್ ಎಲ್ಲ ಕಳೆಗುಂದುತ್ತದೆ.

ರಾತ್ರಿಪಾಳಿ:

ಮೂಲೆಯ ಬೆಳಕಿಗೆ ಯಾರೂ ಉತ್ತರಿಸಿಲ್ಲ. ನಾನು ಮೇಲೆ ವಾಪಸ್ ಮಾಡಿ ಅಂದವನೇ, ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಕಳೆದ ವರ್ಷ ಐಪಿಎಸ್ ಒಂದನ್ನು ತರಿಸಿದೆ, ಎಡ ಮೂಲೆ ಬೆಳಕು. ವಾಪಸ್. ಎರಡನೆಯದು ಬಂತು, ಬಲ ಮೂಲೆ. ವಾಪಸ್. ಮೂರನೆಯದರಲ್ಲಿ ಎರಡೂ ಮೂಲೆ. ಅದರಲ್ಲೇ ಈಗ ಟೈಪ್ ಮಾಡುತ್ತಿದ್ದೇನೆ.

ತಂತಿಜೋಡಣೆ:

ರಾತ್ರಿಪಾಳಿ ಅವರೇ, ನಿಮ್ಮ ಮೂರರಲ್ಲೂ ಇದ್ದದ್ದು ಬಹುಶಃ ಐಪಿಎಸ್ ಹೊಳಪು, ಅದು ಆ ಜಾತಿಯ ಪ್ಯಾನೆಲ್ಲಿನ ಗುಣ. ಓರೆಯಿಂದ ನೋಡಿದಾಗ ಕಪ್ಪು ಭಾಗ ಸ್ವಲ್ಪ ಬೆಳಗುತ್ತದೆ. 27 ಇಂಚಿನ ಮುಂದೆ ಹತ್ತಿರ ಕೂತರೆ ಮೂಲೆಗಳನ್ನು ನೀವು ಓರೆಯಿಂದಲೇ ನೋಡುತ್ತಿರುತ್ತೀರಿ. ಬ್ಯಾಕ್‌ಲೈಟ್ ಸೋರಿಕೆ ಬೇರೆ, ಅಲ್ಲಿ ಚೌಕಟ್ಟು ಪ್ಯಾನೆಲ್ಲನ್ನು ಎಲ್ಲೋ ಒತ್ತಿ ಹಿಡಿದೋ ಸಡಿಲ ಬಿಟ್ಟೋ ಹಿಂದಿನ ಬೆಳಕು ಅಂಚಿನಿಂದ ತೂರಿ ಬರುತ್ತದೆ.

ಪರೀಕ್ಷೆ ಇಷ್ಟೇ. ಕೋಣೆ ಕತ್ತಲು ಮಾಡಿ, ಪೂರ್ತಿ ಕಪ್ಪು ಚಿತ್ರ ಹಾಕಿ, ಬ್ರೈಟ್‌ನೆಸ್ ದಿನಾ ಬಳಸುವಷ್ಟೇ ಇರಲಿ. ಈಗ ತಲೆಯನ್ನು ಎಡಕ್ಕೆ ಬಲಕ್ಕೆ ಸರಿಸಿ, ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋಗಿ. ಬೆಳಕು ನಿಮ್ಮ ಜೊತೆ ಜಾಗ ಬದಲಿಸಿದರೆ, ಹಿಂದೆ ಹೋದಂತೆ ಕರಗಿದರೆ ಅದು ಹೊಳಪು, ಮಾಲು ಬದಲಿಸಿ ಉಪಯೋಗ ಇಲ್ಲ. ಎಲ್ಲಿಂದ ನೋಡಿದರೂ ಅಂಟಿಸಿದ ಹಾಗೆ ಅಲ್ಲೇ ಇದ್ದರೆ ಸೋರಿಕೆ. ಅದು ಸಿನಿಮಾ ನೋಡುವಾಗಲೂ ಕಣ್ಣಿಗೆ ಚುಚ್ಚುವಷ್ಟಿದ್ದರೆ ವಾಪಸ್ ಮಾಡಿ, ಹಿಂದೆಮುಂದೆ ನೋಡಬೇಡಿ. ಫೋನಿನಲ್ಲಿ ಫೋಟೋ ತೆಗೆದು ತೀರ್ಮಾನ ಮಾಡಬೇಡಿ, ಕತ್ತಲಲ್ಲಿ ಕ್ಯಾಮೆರಾ ಎಲ್ಲ ಬೆಳಕನ್ನೂ ಹತ್ತು ಪಟ್ಟು ಮಾಡಿ ಹೆದರಿಸುತ್ತದೆ.

ಮಸುಕುಗಣ್ಣ:

ಮಾಡಿದೆ. ಎದ್ದು ಹಿಂದೆ ಹೋದರೆ ಬೆಳಕು ಮುಕ್ಕಾಲು ಪಾಲು ಕರಗುತ್ತದೆ, ಪಕ್ಕಕ್ಕೆ ಹೋದರೆ ಇನ್ನೊಂದು ಮೂಲೆಗೆ ಹೋಗುತ್ತದೆ. ಹೊಳಪೇ. ಬ್ರೈಟ್‌ನೆಸ್ 90ರಲ್ಲಿ ಇತ್ತು, ಹಾಳೆ ಹಿಡಿದು 35ಕ್ಕೆ ತಂದ ಮೇಲೆ ಅದೂ ಅಷ್ಟಾಗಿ ಕಾಣುತ್ತಿಲ್ಲ. ಶಾರ್ಪ್‌ನೆಸ್ 50ಕ್ಕೆ ಬಿಳಿ ಅಂಚು ಹೋಯಿತು. ಲೆಕ್ಕಪತ್ರದ ಪ್ರೋಗ್ರಾಮ್ ಚಿಕ್ಕದಾಗಿದ್ದರೂ ಚೂಪಾಗಿದೆ, ಅಭ್ಯಾಸ ಮಾಡಿಕೊಳ್ಳುತ್ತೇನೆ. ಮಾನಿಟರ್ ಇಟ್ಟುಕೊಳ್ಳುತ್ತಿದ್ದೇನೆ.

ಒಂದೇ ಒಂದು. ಬಿಳಿ ಪುಟದಲ್ಲಿ ಮೇಲಿನ ಎಡಭಾಗಕ್ಕೆ ಒಂದು ಕಪ್ಪು ಚುಕ್ಕಿ ಕಂಡಿತು. ಡೆಡ್ ಪಿಕ್ಸೆಲ್, ಅಂದರೆ ಪರದೆಯ ಸತ್ತುಹೋದ ಚುಕ್ಕಿ, ಅಂತ ಎದೆ ಧಸಕ್ಕೆಂದಿತು. ಒರೆಸಿದೆ, ಹೋಗಲಿಲ್ಲ. ಐದು ನಿಮಿಷ ಬಿಟ್ಟು ನೋಡಿದರೆ ಚುಕ್ಕಿ ಎರಡು ಬೆರಳು ಕೆಳಗೆ ಬಂದಿದೆ. ಡೆಡ್ ಪಿಕ್ಸೆಲ್ ನಡೆಯುತ್ತದಾ?

ಗೂಬೆಗಣ್ಣು:

ಅದು ಹುಳ! ದಯವಿಟ್ಟು ಒತ್ತಬೇಡಿ, ಒಳಗೇ ಸತ್ತರೆ ಅಲ್ಲೇ ಉಳಿದುಬಿಡುತ್ತದೆ, ಆಗ ಅದು ನಿಜವಾದ ಡೆಡ್ ಪಿಕ್ಸೆಲ್. ಬೆಳಕಿಗೆ ಬಂದು ಗಾಳಿಯ ಕಿಂಡಿಯಲ್ಲಿ ನುಗ್ಗಿರುತ್ತದೆ. ಮಾನಿಟರ್ ಆಫ್ ಮಾಡಿ, ಪಕ್ಕದಲ್ಲಿ ಒಂದು ಟೇಬಲ್ ದೀಪ ಹಚ್ಚಿಟ್ಟು ಮಲಗಿ.

ಮಸುಕುಗಣ್ಣ:

ಬೆಳಿಗ್ಗೆ ದೀಪದ ಮೇಲಿತ್ತು.